ಮೇಷ್ಟ್ರ ನಡಿಗೆಯ ಹಾಡುಗಳು

ಮೇಷ್ಟ್ರ ಅಳಿಯನಿಗೆ ಚೀಟಿಯಿಲ್ಲದ ಡಬ್ಬಿ ಕಂಡರೆ ಕೈ ಸುಮ್ಮನಿರುತ್ತಿರಲಿಲ್ಲ. ಔಷಧಿ ಗೋದಾಮಿನ ಸ್ಟೋರ್‌ಕೀಪರ್ ಅವನು. ಅಲ್ಲಿಂದ ಅಂಟಿಕೊಂಡ ಚಾಳಿ. ಅಡುಗೆಮನೆಯ ಉಪ್ಪಿನ ಡಬ್ಬಿಗೂ 'ಉಪ್ಪು' ಎಂದು ಬರೆದು ಅಂಟಿಸಿದ್ದ. ಉಪ್ಪು ಯಾವುದೆಂದು ಆ ಮನೆಯಲ್ಲಿ ಯಾರಿಗೂ ಅನುಮಾನ ಬಂದಿರಲಿಲ್ಲ, ಆ ಮಾತು ಬೇರೆ. ಇಂಥವನ ಕೈಗೆ ಮಾವನ ಫೋನಿನ ಹಾಡುಗಳು ಸಿಕ್ಕರೆ ಬಿಟ್ಟಾನೆಯೇ? ಒಂದೇ ಗಾಯಕನ ಹೆಸರು ಮೂರು ಥರ, ಒಂದೇ ಆಲ್ಬಮ್ಮು ಐದು ಚೂರು, ಅರ್ಧದಷ್ಟು ಹಾಡುಗಳಿಗೆ 'ಹಾಡು ಏಳು', 'ಗೊತ್ತಿಲ್ಲ' ಅನ್ನುವುದೇ ಹೆಸರು. ಒಂದು ರಜಾ ದಿನ ಊಟವನ್ನೂ ಮರೆತು ಕೂತ. ಹಾಡಿನ ಜೊತೆಗಿರುವ ವಿವರಗಳನ್ನು, ಅಂದರೆ ಟ್ಯಾಗುಗಳನ್ನು, ತಾನಾಗಿ ಸರಿಮಾಡುವ ಆ್ಯಪ್ ಹಾಕಿ, ಸಂಜೆಯೊಳಗೆ ಪ್ರತಿ ಹಾಡಿಗೂ ಸರಿಯಾದ ಹೆಸರು, ಮುದ್ದಾದ ಚಿತ್ರ ಕೂರಿಸಿಬಿಟ್ಟ. ಮಾವನಿಂದ ಭೇಷ್ ಎನ್ನಿಸಿಕೊಂಡ.

ಮಾವ ಹಿಂದೆ ಶಾಲೆಯಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವರು. ಈಗಲೂ ಬೀದಿಯಲ್ಲಿ ಅವರನ್ನು ಕಂಡರೆ ಮೀಸೆ ಹೊತ್ತ ಗಂಡಸರು ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದರು. ಅಷ್ಟು ಮಕ್ಕಳಿಗೆ ಎಡ-ಬಲ ಕಲಿಸಿದವರ ಕಾಲೇ ಈಗ ಅವರ ಮಾತು ಕೇಳುತ್ತಿರಲಿಲ್ಲ. ಪಾರ್ಕಿನ್ಸನ್ ಕಾಯಿಲೆ. ಕೈ ನಡುಗುವುದನ್ನು ಹೇಗೋ ಸಹಿಸಿಕೊಂಡಿದ್ದರು. ಆದರೆ ಹೊಸ್ತಿಲ ಮುಂದೆ ಬಂದರೆ ಪಾದಗಳು ನೆಲಕ್ಕೆ ಮೊಳೆ ಹೊಡೆದ ಹಾಗೆ ನಿಂತುಬಿಡುತ್ತಿದ್ದವು. ಅದಕ್ಕೆ ಫಿಸಿಯೋಥೆರಪಿಯವಳು ಒಂದು ದಾರಿ ತೋರಿಸಿದ್ದಳು. ಹೆಜ್ಜೆಗೆ ಹೊಂದುವ ತಾಳದ ಹಾಡು ಕಿವಿಯಲ್ಲಿದ್ದರೆ ಕಾಲು ತಾನಾಗಿ ಏಳುತ್ತದೆ. ಇವರಿಗೆ ನಿಮಿಷಕ್ಕೆ ತೊಂಬತ್ತೈದರ ಆಚೀಚೆ ತಾಳ ಬೀಳುವ ಹಾಡು ಬೇಕು.

ಮೇಷ್ಟ್ರು ಇದ್ದದ್ದು ಮಗಳ ಮನೆಯಲ್ಲಿ. ಅವಳು ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಿದ್ದಳು. ಹೊಲಿಗೆಯ ನಡುನಡುವೆ ಒಂದೊಂದೇ ಹಾಡು ಹಾಕಿ, ಮೇಜಿನ ಮೇಲೆ ಬೆರಳಿನಿಂದ ತಾಳ ಕುಟ್ಟಿ ಎಣಿಸಿ, ಆ ಸಂಖ್ಯೆಯನ್ನು ಹಾಡಿನ ಟ್ಯಾಗಿನಲ್ಲಿ 'ವೇಗ' ಅನ್ನುವ ಕಡೆ ತುಂಬಿದ್ದಳು. ಫೋನು ಆ ಸಂಖ್ಯೆ ನೋಡಿ ನಡಿಗೆಗೆ ಒಗ್ಗುವ ಹಾಡುಗಳನ್ನಷ್ಟೇ ಆರಿಸಿ ಹಾಕುತ್ತಿತ್ತು. ಮೇಷ್ಟ್ರು ಇಯರ್‌ಫೋನ್ ಸಿಕ್ಕಿಸಿಕೊಂಡು, ಹೊಸ್ತಿಲು ದಾಟಿ, ಗೇಟಿನವರೆಗೆ ಹೋಗಿ, ಬೀದಿಯ ಮೇಲೊಮ್ಮೆ ಕಣ್ಣಾಡಿಸಿ ಬರುತ್ತಿದ್ದರು. ಯಾರ ಕೈಯನ್ನೂ ಹಿಡಿಯದೆ ಅವರು ಮಾಡುತ್ತಿದ್ದ ಕೆಲಸ ಅದೊಂದೇ.

ಈಗ ಕೆಲವು ದಿನಗಳಿಂದ ಅದೂ ಕೈಬಿಟ್ಟಿತ್ತು. ಎರಡು ಹೆಜ್ಜೆ ಸರಿಯಾಗಿ ಇಡುವರು, ಮೂರನೆಯದಕ್ಕೆ ತಡವರಿಸುವರು, ಹೊಸ್ತಿಲ ಬಳಿ ಗೋಡೆಗೆ ಕೈಕೊಟ್ಟು ನಿಲ್ಲುವರು. ಕಾಯಿಲೆ ಒಂದಲ್ಲ ಒಂದು ದಿನ ಮುಂದಿನ ಮೆಟ್ಟಿಲು ಹತ್ತುತ್ತದೆ, ಆಮೇಲೆ ಹಾಡೂ ಕೆಲಸ ಮಾಡಲಿಕ್ಕಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಆ ದಿನ ಬಂದೇಬಿಟ್ಟಿತು ಎಂದು ಮಗಳ ಎದೆ ಒಡೆದುಹೋಯಿತು. ಅಪ್ಪನ ಎದುರು ನಗುತ್ತಿದ್ದಳು, ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದಳು. ಅಳಿಯ ಬಾಡಿಗೆಗೆ ಒಂದು ಗಾಲಿಕುರ್ಚಿ ತಂದು ಮೂಲೆಯಲ್ಲಿಟ್ಟ. ಮೇಷ್ಟ್ರು ಆ ಮೂಲೆಗೆ ಬೆನ್ನು ಹಾಕಿ ಕೂರತೊಡಗಿದರು.

ಅವತ್ತು ಸಂಜೆ ಮೇಷ್ಟ್ರು ಹೊಸ್ತಿಲ ಮುಂದೆ ಬಹಳ ಹೊತ್ತು ನಿಂತರು. ಬೆವರು ಕಿತ್ತುಕೊಂಡು ಬಂತು.

"ಸಾಕು ಕಣಮ್ಮ," ಎಂದರು. "ಆ ಕುರ್ಚಿ ಇತ್ತ ತಳ್ಳು."

ಬಾಡಿಗೆ ಕುರ್ಚಿಯನ್ನು ತರಲು ಮಗಳಿಗೆ ಮನಸ್ಸು ಬರಲಿಲ್ಲ. "ಅಪ್ಪಾ, ಇನ್ನೊಂದ್ಸಲ ನೋಡೋಣ. ನಾನೂ ಜೊತೆಗೆ ಬರ್ತೀನಿ," ಎನ್ನುತ್ತಾ ಅವರ ಒಂದು ಕಿವಿಯ ಇಯರ್‌ಫೋನ್ ತೆಗೆದು ತನ್ನ ಕಿವಿಗೆ ಸಿಕ್ಕಿಸಿಕೊಂಡಳು.

ಕೈ ಹಿಡಿದು ಹೊರಟರೆ ಅವಳ ಕಾಲೇ ಗಾಳಿಯಲ್ಲಿ ನಿಂತಿತು. ಕಿವಿಯಲ್ಲಿ ಜೋಗುಳದಂಥ ಹಾಡು. ಒಂದು ತಾಳ ಬಿದ್ದು ಇನ್ನೊಂದು ಬೀಳುವುದರೊಳಗೆ ಒಂದು ನಿದ್ದೆ ತೆಗೆಯಬಹುದಿತ್ತು!

"ಅಪ್ಪಾ, ಈ ಹಾಡಿಗೆ ನಡೀತಿದ್ದೀರಾ?"

"ಯಾವ್ದು ಬಂದ್ರೆ ಅದಕ್ಕೆ ನಡೀತಿದ್ದೀನಿ."

"ಇದಕ್ಕೆ ಯಾರಪ್ಪಾ ನಡೀತಾರೆ? ನನಗೇ ಆಗ್ತಿಲ್ಲ! ನೀವ್ಯಾಕೆ ಹೇಳ್ಲಿಲ್ಲ?"

"ಕಾಲು ಸರಿ ಇಲ್ದೋನು ಹಾಡಿನ ಮೇಲೆ ತಪ್ಪು ಹೊರಿಸ್ಬಾರ್ದು," ಎಂದರು ಮೇಷ್ಟ್ರು. ಎಷ್ಟೋ ಮಕ್ಕಳು ಹೇಳಿದ ನೆಪ ಕೇಳಿ ಕೇಳಿ, ತಮಗೊಂದು ನಿಜವಾದ ಕಾರಣ ಸಿಕ್ಕಾಗಲೂ ಅದನ್ನು ನೆಪವೆಂದೇ ತಿಳಿದಿದ್ದರು. ಆಮೇಲೆ ದನಿ ತಗ್ಗಿಸಿ, "ಅಳಿಯಂದ್ರು ಅಷ್ಟು ಕಷ್ಟಪಟ್ಟು ಮಾಡಿದ್ದು ಬೇರೆ," ಎಂದರು.

ಮಗಳು ಫೋನು ಕಿತ್ತುಕೊಂಡು ಟ್ಯಾಗು ತೆರೆದಳು. ಅವಳು ನಲವತ್ತೆಂಟು ಎಂದು ಬರೆದಿದ್ದ ಆ ಹಾಡಿಗೆ ಈಗ ತೊಂಬತ್ತಾರು ಎಂದಿತ್ತು. ಅವಳು ತೊಂಬತ್ತಾರು ಎಂದು ಬರೆದಿದ್ದ ಇನ್ನೊಂದಕ್ಕೆ ನಲವತ್ತೆಂಟು. ಎರಡು ತಾಳದ ನಡುವಿನ ಪುಟ್ಟ ಸದ್ದನ್ನೂ ಕೆಲವು ಕಡೆ ತಾಳವೆಂದೇ ಎಣಿಸಿ, ಕೆಲವು ಕಡೆ ಒಂದು ಬಿಟ್ಟು ಒಂದನ್ನು ಎಣಿಸಿ, ಆ ಜಾಣ ಆ್ಯಪ್ ಜೋಗುಳಗಳನ್ನು ನಡಿಗೆಗೆ ಕಳಿಸಿತ್ತು, ನಡಿಗೆಯ ಹಾಡುಗಳನ್ನು ಮಲಗಿಸಿತ್ತು.

"ರೀ, ಬನ್ರೀ ಇಲ್ಲಿ! ಈ ವೇಗಾನೂ ನೀವೇ ಬದಲಾಯಿಸಿದ್ದಾ?"

ಅಳಿಯ ಬಂದು ನೋಡಿದ. ಮುಖದ ಬಣ್ಣ ಇಳಿಯಿತು. "ಅದು... ಬೇರೆ ವಿವರಾನೂ ತುಂಬಲಾ ಅಂತ ಕೇಳ್ತು ಕಣೇ. ಎಲ್ಲದಕ್ಕೂ ಹೂಂ ಅಂದೆ."

"ಮದುವೇಲಿ ನನಗೂ ಹೀಗೇ ಹೂಂ ಅಂದ್ರಾ?" ಎಂದು ಬೈಯಲು ಹೊರಟವಳಿಗೆ ಬೈಗುಳ ಬರಲಿಲ್ಲ, ಅಳು ಬಂತು. ಅಳುವಿನ ಹಿಂದೆಯೇ ನಗು. ಗಂಡ ಮಾಡಿದ ಎಡವಟ್ಟಿಗೆ ಇಷ್ಟು ಖುಷಿಪಟ್ಟ ಹೆಂಡತಿ ಬೇರೆಲ್ಲೂ ಇರಲಿಕ್ಕಿಲ್ಲ. "ಅಪ್ಪಾ, ನಿಮ್ಮ ಕಾಲಿಗೆ ಏನೂ ಆಗಿಲ್ಲ. ಕೆಟ್ಟಿದ್ದು ಟ್ಯಾಗು!"

ಮೇಷ್ಟ್ರು ಗೋಡೆಗೊರಗಿದರು. "ನನ್ನ ಕಥೆ ಮುಗೀತು ಅಂದ್ಕೊಂಡಿದ್ದೆ ಕಣಮ್ಮ," ಎಂದರು.

ಅಳಿಯ ಅವರ ಮುಖ ನೋಡಲಾರದೆ ನಿಂತಿದ್ದ. "ತಪ್ಪಾಯ್ತು ಮಾವ. ಈಗಲೇ ಕೂತು ಸರಿಮಾಡ್ತೀನಿ. ಆದ್ರೆ ಹಳೇ ಸಂಖ್ಯೆಗಳೆಲ್ಲಾ ಅಳಿಸಿಹೋಗಿವೆ. ಎಲ್ಲಾ ಮೊದಲಿಂದ ಎಣಿಸ್ಬೇಕು."

"ಅದಕ್ಕೆ ನಾನಿಲ್ವಾ?" ಎಂದರು ಮೇಷ್ಟ್ರು.

ಮರುದಿನ ಬೆಳಿಗ್ಗೆ ಮೇಷ್ಟ್ರು ಅದೇ ಗಾಲಿಕುರ್ಚಿಯನ್ನು ಎಳೆಸಿಕೊಂಡು, ರಾಜನ ಠೀವಿಯಲ್ಲಿ ಕೂತರು. ಬೆರಳಲ್ಲಿ ತಾಳ ಕುಟ್ಟಲು ಅವರ ಕೈ ನಡುಗುತ್ತಿತ್ತು, ಆದರೆ ಗಂಟಲು ನಡುಗುತ್ತಿರಲಿಲ್ಲ. ಹಾಡು ಶುರುವಾದರೆ ಸಾಕು, "ಎಡ, ಬಲ, ಎಡ, ಬಲ," ಎಂದು ಕೋಣೆ ಮೊಳಗುತ್ತಿತ್ತು. ಅಳಿಯ ಗಡಿಯಾರ ನೋಡುವನು, ಮಗಳು ಎಣಿಸಿ ಟ್ಯಾಗಿಗೆ ತುಂಬುವಳು. ಅಳಿಯ ಒಮ್ಮೆ ಆಕಳಿಸಿದ್ದಕ್ಕೆ ಮೇಷ್ಟ್ರು ಅವನನ್ನು ಎದ್ದು ನಿಲ್ಲಿಸಿದರು. ಹೊಲಿಯಲು ಬಟ್ಟೆ ಕೊಡಲು ಬಂದವರೊಬ್ಬರು ಬಾಗಿಲಲ್ಲೇ ನಿಂತು, ತಮಗರಿವಿಲ್ಲದೆ ಬೆನ್ನು ನೆಟ್ಟಗೆ ಮಾಡಿಕೊಂಡರು.

ಸಂಜೆಯ ಹೊತ್ತಿಗೆ ನಡೆಯಲು ಸಾಕಾಗುವಷ್ಟು ಹಾಡುಗಳು ಸರಿಯಾದವು. ಮೇಷ್ಟ್ರು ಇಯರ್‌ಫೋನ್ ಸಿಕ್ಕಿಸಿಕೊಂಡು ಎದ್ದರು.

"ಅಳಿಯಂದ್ರೇ, ಆ ಕುರ್ಚಿ ಅಂಗಡಿಗೆ ವಾಪಸ್ ಕೊಡ್ಬೇಕಲ್ಲ? ಮುಂದೆ ತಳ್ಕೊಂಡು ನಡೀರಿ. ಗೇಟಿನ ತನಕ ನಾನೂ ಬರ್ತೀನಿ."

ಅಳಿಯ ಖಾಲಿ ಕುರ್ಚಿ ತಳ್ಳುತ್ತಾ ಹೊರಟ. ಹಿಂದೆ ಮೇಷ್ಟ್ರು. ಮಗಳು ಹೊಲಿಯುತ್ತಿದ್ದ ಬಟ್ಟೆ ಕೈಲಿ ಹಿಡಿದು ಹೊಸ್ತಿಲನ್ನೇ ನೋಡುತ್ತಿದ್ದಳು. ಪಾದ ಎದ್ದಿತು, ದಾಟಿತು, ಆಚೆ ಊರಿತು. ಹಿಂದೆಯೇ ಇನ್ನೊಂದು.

"ಅಳಿಯಂದ್ರೇ, ಹೆಜ್ಜೆ ತಪ್ತಿದೆ!"

ಅಳಿಯ ಗಡಿಬಿಡಿಯಿಂದ ಕಾಲು ಬದಲಿಸಿಕೊಂಡ. ಇಬ್ಬರೂ ಅಂಗಳ ದಾಟಿದರು. ಗೇಟಿನ ಹತ್ತಿರ ಮೇಷ್ಟ್ರು ಇದ್ದಕ್ಕಿದ್ದ ಹಾಗೆ ನಿಂತುಬಿಟ್ಟರು. ಮಗಳು ಕೈಲಿದ್ದ ಬಟ್ಟೆ ಎಸೆದು ಓಡಿದಳು.

"ಏನಾಯ್ತಪ್ಪಾ?"

"ಏನಿಲ್ಲ ಕಣಮ್ಮ," ಎಂದರು ಮೇಷ್ಟ್ರು, ಅವಳ ಕಡೆ ತಿರುಗದೆಯೇ. "ಬೀದಿ ನೋಡೋಣ ಅಂತ ನಿಂತೆ."