ಗೋಡೆಯಾಚೆಯ ಮದ್ದಿನಾಳುಗಳು

"ಈ ದರಿದ್ರಗಳನ್ನ ಕೋಟೆ ಒಳಗೆ ಬಿಟ್ಕೊಂಡೋರು ಯಾರಮ್ಮ? ನೀನೇನಾ?"

ಬಾಸ್ ವ್ಯಾಸರಾಜ ಬೆರಳಿನಿಂದ ಮಾನಿಟರಿನ ಗಾಜು ಕುಟ್ಟಿದ. ಗಾಜಿನೊಳಗೆ, ಅವರು ಕಟ್ಟುತ್ತಿದ್ದ ಕಂಪ್ಯೂಟರ್ ಆಟದಲ್ಲಿ, ಬಿಳಿಯರ ಕಾಲದ ಒಂದು ಬಂದರು, ಕಡಲಿಗೆ ಮುಖ ಮಾಡಿದ ಕೋಟೆ, ಫಿರಂಗಿ ಹೂಡಿದ ಮೂರು ಬತ್ತೇರಿ. ಗೋಡೆಯ ಒಳಗೆ, ಹುಣಸೆ ಮರದ ನೆರಳಿನಲ್ಲಿ, ಫಿರಂಗಿಗಳಿಗೆ ಮದ್ದು ಹೊರುವ ಆಳುಗಳ ಗುಡಿಸಲು. ಅವನ್ನು ಅಲ್ಲಿ ಬಿಡಿಸಿದವಳು ಪ್ರಭಾ.

"ಮದ್ದಿನ ಮನೆ ಅಲ್ಲೇ ಇದೆ ಸರ್. ಹತ್ರ ಇದ್ರೆ..."

"ಇದು ಕಮಾಂಡ್ ಗೇಮು. ಮೇಲೆ ಕೋಟೆ ಕಮಾಂಡರು, ಅವನ ಕೆಳಗೆ ಬತ್ತೇರಿಗೊಬ್ಬ ಆಫೀಸರು, ಆಮೇಲೆ ಫಿರಂಗಿಯೋರು. ಆರ್ಡರು ಮೇಲಿಂದ ಇಳೀಬೇಕು. ಇವರ ಕೇರಿ ಗೋಡೆಯಾಚೆ ಹಾಕು." ನಕ್ಕ. "ಕೇರಿ ಎಲ್ಲಿರುತ್ತೆ ಅಂತ ನಿಂಗೆ ಹೇಳ್ಕೊಡ್ಬೇಕಾ?"

ಪಕ್ಕದ ಟೇಬಲಿನ ಸುಜಯ್ ಕೀಬೋರ್ಡಿನಿಂದ ಕೈ ತೆಗೆಯದೆ ನಕ್ಕ.

ಹೆಸರಿನ ತುದಿಗೆ ಡಾಟ್‌ಕಾಮ್ ಅಂಟಿಸಿಕೊಂಡ, ಅಮೆರಿಕದ ಫಾಸ್ಟರ್ ಸಿಟಿಯ ಆ ಆಫೀಸಿನಲ್ಲಿ ಮುಕ್ಕಾಲು ಪಾಲು ಕನ್ನಡದವರೇ. ಸೇರಿದ ವಾರವೇ "ನಿಮ್ಮನೆ ದೇವ್ರು ಯಾವ್ದು?" ಅಂತ ಕೇಳಿದ್ದರು. ಪ್ರಭಾಗೆ ಸುಳ್ಳು ಹೇಳಲು ಬರಲಿಲ್ಲ. ಅಲ್ಲಿಂದಾಚೆ ಶುಕ್ರವಾರದ ಪಾಟ್‌ಲಕ್ಕಿಗೆ ಎಲ್ಲರದೂ ಒಂದೊಂದು ಅಡುಗೆ, ಅವಳು ತರಬೇಕಾದದ್ದು ಮಾತ್ರ ಪೇಪರ್ ತಟ್ಟೆ. ಒಮ್ಮೆ ಯಾರೂ ಹೇಳದೆ ಹುರುಳಿ ಸಾರು ಮಾಡಿ ತಂದಿದ್ದಳು. ಸಂಜೆ ಬಸ್ಸಿನಲ್ಲಿ ವಾಪಸ್ಸು ಒಯ್ಯುವಾಗಲೂ ಪಾತ್ರೆ ತಂದಷ್ಟೇ ಭಾರವಿತ್ತು.

ಕಾಫಿ ಮೆಷಿನ್ನಿನ ಹತ್ತಿರ ಮಂಡ್ಯ ಕಡೆಯ ಚೆಲುವರಾಜು ಸಿಕ್ಕ.

"ಬುಡವ್ವ, ಆ ಬೇವರ್ಸಿ ನನ್ಮಗ ಯಾವಾಗ್ಲೂ ಅಂಗೇಯ. ಬಾಯ್ ಮುಚ್ಕಂಡ್ ಯೋಳ್ದಂಗ್ ಮಾಡು. ನಿನ್ ವೀಸಾ ಅವ್ನ್ ಕೈಲದೆ. ಕೆಲ್ಸ ಓದ್ರೆ ಸೀದಾ ಊರೇಯ."

"ಅವತ್ತು ನನ್ನ ಸಾರು ನೀವೂ ಮುಟ್ಲಿಲ್ಲ, ಚೆಲುವಣ್ಣ."

ಅವನು ಕಪ್ಪಿನೊಳಗೆ ನೋಡಿದ. "ಅವತ್ತು ಒಟ್ಟೆ ಸರ್ಯಾಗಿರ್ನಿಲ್ಲ ಕಣವ್ವ."

ಪ್ರಭಾ ಗುಡಿಸಲುಗಳನ್ನು ಒಂದೊಂದಾಗಿ ಎತ್ತಿ ಗೋಡೆಯಾಚೆ, ಉಪ್ಪುನೀರು ನುಗ್ಗುವ ಕಡೆ ಇಟ್ಟಳು. ಹುಣಸೆ ಮರ ಒಳಗೇ ಉಳಿಯಿತು. ಆಮೇಲೆ ಆಟದ ಕೋಡಿನಲ್ಲಿ ಆ ಆಳುಗಳಿಗೊಂದು ಹೊಸ ನಿಯಮ ಬರೆದಳು. ಗುಂಡು ಬೀಳುವಾಗ ಕೋಟೆ ಬಾಗಿಲು ತಮ್ಮ ಮುಖಕ್ಕೆ ಮುಚ್ಚಿಕೊಂಡರೆ ಕೆಲಸ ಬಿಟ್ಟು ಕೂರಬೇಕು. ಆಮೇಲೆ ಯಾವ ಆರ್ಡರೂ ಅವರನ್ನು ಎಬ್ಬಿಸಕೂಡದು. ಅಳಿಸಬಹುದಿತ್ತು. ಅಳಿಸಲಿಲ್ಲ.

ಶುಕ್ರವಾರ ಬಂಡವಾಳ ಹಾಕುವ ಅಮೆರಿಕನ್ನರು ಬಂದರು. ಮೂಲೆಯ ಮೇಜಿನ ಮೇಲೆ ಬಿಸಿಬೇಳೆಬಾತು, ಪಾಯಸ. ದೊಡ್ಡ ಪರದೆಯ ಮೇಲೆ ಶತ್ರುಗಳ ಹಡಗು. ಕಮಾಂಡರಾಗಿ ತಾನೇ ಕೂತ ವ್ಯಾಸರಾಜ ಮೂರು ಬತ್ತೇರಿಗಳನ್ನೂ ತನ್ನ ಒಂದು ಕೈಗೆ ತಂದುಕೊಂಡ, ಬಾಗಿಲು ಹಾಕಿಸಿದ, ಹೊಡಿ ಎಂದು ಒತ್ತಿದ. ಬತ್ತೇರಿಗಳು ಒಮ್ಮೆ ಗುಡುಗಿದವು. ಆಮೇಲೆ ಸದ್ದಿಲ್ಲ. ಮದ್ದು ಒಳಗಿತ್ತು, ಹೊರುವವರು ಹೊರಗಿದ್ದರು.

ಅವಸರದಲ್ಲಿ ಬಾಗಿಲು ತೆಗೆಸಿದ. ಆಳುಗಳು ಕೋಟೆಗೆ ಬೆನ್ನು ಹಾಕಿ, ಕಡಲು ನೋಡುತ್ತ ಕೂತೇ ಇದ್ದರು. ಆಟ ಕೆಟ್ಟಿತೇ ಎಂದು ಒಬ್ಬ ಅಮೆರಿಕನ್ ಮೆತ್ತಗೆ ಕೇಳಿದ.

"ಏನೇ ಇದು, ಪ್ರೋಗ್ರಾಮಿನ ಬಗ್ಗಾ?" ವ್ಯಾಸರಾಜ ಕನ್ನಡದಲ್ಲಿ ಹಲ್ಲು ಕಡಿದ. "ಎಬ್ಬಿಸೇ ಅವರನ್ನ."

ಪ್ರಭಾ ಕೀಬೋರ್ಡು ಮುಟ್ಟಲಿಲ್ಲ. "ಬಗ್ಗಲ್ಲ ಸರ್. ಅವರು ಏಳಲ್ಲ."

"ನಾಳೆಯಿಂದ ಬರ್ಬೇಡ. ನಿನ್ ವೀಸಾ ಇವತ್ತೇ ಕ್ಯಾನ್ಸಲ್ಲು."

ಚೆಲುವರಾಜು ತನ್ನ ಬೂಟು ನೋಡಿಕೊಳ್ಳುತ್ತಿದ್ದ. ಅವಳು ಚೀಲ ತೆಗೆದುಕೊಂಡಳು, ತಾನು ತಂದಿದ್ದ ಪೇಪರ್ ತಟ್ಟೆಗಳ ಪೊಟ್ಟಣವನ್ನೂ ಕಂಕುಳಿಗೆ ಸಿಕ್ಕಿಸಿಕೊಂಡಳು.

ಹೊರಗೆ ಕೊಲ್ಲಿಯ ಹಿನ್ನೀರಿನ ದಡದಲ್ಲಿ ಹುಲ್ಲು ಒದ್ದೆಯಾಗಿತ್ತು. ಕಟ್ಟಡಕ್ಕೆ ಬೆನ್ನು ಹಾಕಿ ಕೂತು ತನ್ನ ಊಟದ ಡಬ್ಬಿ ಬಿಚ್ಚಿದಳು. ಮುದ್ದೆ ತಣ್ಣಗಾಗಿತ್ತು. ಪೊಟ್ಟಣ ಹರಿದು ಒಂದು ತಟ್ಟೆ ಎಳೆದುಕೊಂಡಳು.

ಹಿಂದೆ ಬಾಗಿಲು ತೆರೆದ ಸದ್ದು.

"ಪ್ರಭಾ, ಆ ತಟ್ಟೆ ಕೊಡವ್ವ. ಎಲ್ರೂ ಕಾಯ್ತಾವ್ರೆ." ಚೆಲುವರಾಜು.

ಅವಳು ಇನ್ನೊಂದು ತಟ್ಟೆ ತೆಗೆದು ಪಕ್ಕದಲ್ಲಿಟ್ಟಳು. ಮುದ್ದೆ ಮುರಿದು ಅರ್ಧ ಹಾಕಿ, ಮೇಲೆ ಸಾರು ಬಿಟ್ಟಳು.

"ಬನ್ನಿ ಚೆಲುವಣ್ಣ. ಕೂತ್ಕೊಳಿ."

ಬೂಟಿನ ಸದ್ದು ಹಿಂದಕ್ಕೆ ಸರಿಯಿತು. ತುಸು ಹೊತ್ತಿಗೆ ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು. ಕೊಲ್ಲಿಯ ಕಡೆಯಿಂದ ಗಾಳಿ ಎದ್ದು, ಪಕ್ಕದ ತಟ್ಟೆಯ ಅಂಚು ಪಟಪಟಿಸತೊಡಗಿತು. ಪ್ರಭಾ ಎಡಗೈ ಬೆರಳಿನಿಂದ ಅದನ್ನು ಹುಲ್ಲಿಗೆ ಒತ್ತಿ ಹಿಡಿದು, ಬಲಗೈಯಲ್ಲಿ ಉಣ್ಣುತ್ತಲೇ ಇದ್ದಳು.