ಬಟ್ಲರನ ಒಂದು ಮಾತು

ಗಂಜಿ ಹಾಕಿದ ಕಾಲರ್ ಕತ್ತು ಕೊರೆಯುತ್ತಿದೆ, ಕೊರೆಯಲಿ, ಹದಿನಾಲ್ಕು ವರ್ಷದಿಂದ ಹಾಲಿವುಡ್ಡಿನ ಮೂಕಿಚಿತ್ರಗಳ ಬಟ್ಲರ್ ನಾನೇ, ಬಾಗಿಲು ತೆರೆಯುವುದು, ಟೋಪಿ ಇಸಿದುಕೊಳ್ಳುವುದು, ಒಂದು ಹುಬ್ಬು ಏರಿಸುವುದು, ಜನ ನಗುತ್ತಾರೆ — ಆಂಬ್ರೋಸ್ ಕೆಟರಿಂಗ್ ಅಂತ ಹೆಸರು ಹೇಳಿದರೆ ಯಾರಪ್ಪ ಅದು, ಹುಬ್ಬು ಏರಿಸಿದರೆ ಓಹೋ ನೀವಾ! ಅಷ್ಟು ಸಾಕು, ಅಷ್ಟರಲ್ಲೇ ಮನೆಯಾಯಿತು, ಹಿತ್ತಲಲ್ಲಿ ಎರಡು ಕಿತ್ತಳೆ ಗಿಡ, ಹೆಂಡತಿ ಡೆಲ್ಲಾಗೆ ಅವುಗಳ ಮೇಲೇ ಜೀವ, ಆದರೆ ಈಗ ಚಿತ್ರಗಳಿಗೆ ಬಾಯಿ ಬಂದಿದೆ, ಬಟ್ಲರನೂ ಮಾತಾಡಬೇಕಂತೆ, ಒಂದೇ ಮಾತು, ಮೂರು ದಿನದಿಂದ ಅದನ್ನೇ ಬೆಕ್ಕಿಗೆ ಹೇಳ್ತಿದೀರಲ್ರೀ, ಅದಕ್ಕೂ ಬಾಯಿಪಾಠ ಆಗಿದೆ, ಬೇಕಿದ್ರೆ ಅದನ್ನೇ ಕಳಿಸಿ ಅಂತ ಬೆಳಿಗ್ಗೆ ಡೆಲ್ಲಾ ನಕ್ಕಳು, ರೊಟ್ಟಿಗೆ ಬೆಣ್ಣೆ ಸವರುತ್ತಾ, ಆಮೇಲೆ ನಗದೆ, ಇದು ಕ್ಲೀವ್‌ಲ್ಯಾಂಡ್ ಅಲ್ಲ ಕಣ್ರೀ, ಅಂದಳು.

ಕ್ಲೀವ್‌ಲ್ಯಾಂಡಿನ ಆ ನಾಟಕ — ಮೂರನೇ ಅಂಕ, ಮಗನನ್ನು ಕಳೆದುಕೊಂಡ ತಂದೆ ನಾನು, ಬಾಯಿ ತೆರೆದೆ, ಮಾತೇ ಇಲ್ಲ, ಯಾರೋ ಕೆಮ್ಮಿದರು, ಮೇಲಿನ ಗ್ಯಾಲರಿಯಿಂದ ಸಿಳ್ಳೆ, ಆಗ ಕಂಪನಿಯ ಉಡುಪು ನೋಡಿಕೊಳ್ಳುತ್ತಿದ್ದ ಡೆಲ್ಲಾ ಬಂದು ಮೊಣಕೈ ಹಿಡಿದು ಒಳಗೆ ಕರೆದೊಯ್ದಳು, ಆ ಕೈ ಇನ್ನೂ ಬಿಟ್ಟಿಲ್ಲ, ರಂಗ ಬಿಟ್ಟೆ, ದನಿಯನ್ನು ಯಾರೂ ಕೇಳದ ಈ ಊರಿಗೆ ಬಂದೆ, ಬದುಕಿದೆ.

ಕೆಟರಿಂಗ್ ಅವರೇ, ಮೈಕು ಹೂದಾನಿಯೊಳಗಿದೆ, ಹಾಗಂತ ಹೂವಿಗೆ ಹೇಳ್ಬೇಡಿ, ಹುಡುಗಿಗೆ ಹೇಳಿ, ನಿರ್ದೇಶಕ ಹಾಲ್ವರ್ಸನ್ನನ ದನಿ, ಎಲ್ಲರೂ ನಗುತ್ತಾರೆ, ಸದ್ದು ನಿಲ್ಲಿಸುವ ಗಂಟೆ, ಬಾಗಿಲುಗಳು ಮುಚ್ಚಿದವು, ದೀಪಗಳ ಕಾವು, ಪಕ್ಕದ ಸೆಟ್ಟಿನ ಏಣಿಯ ತುದಿಯಲ್ಲಿ ಬಡಗಿ ಎತ್ತಿದ ಸುತ್ತಿಗೆಯನ್ನು ಹಾಗೇ ತಡೆದ, ನಾಯಕಿ ತಿರುಗಿ ನನ್ನನ್ನೇ ನೋಡುತ್ತಿದ್ದಾಳೆ — ಬಾಯಿ ತೆರೆದೆ, ಇಲ್ಲ, ಮಾತಿಲ್ಲ, ಅದೇ ಬಯಲು, ಈಗ ಕೆಮ್ಮುತ್ತಾರೆ, ಈಗ ಸಿಳ್ಳೆ, ಯಾರೂ ಕೆಮ್ಮಲಿಲ್ಲ, ಅವಳ ಕಣ್ಣು ತುಂಬುತ್ತಿದೆ, ಅಯ್ಯೋ, ಈ ಬಟ್ಲರನಿಗೂ ಇದನ್ನು ಹೇಳಲು ಮನಸ್ಸಿಲ್ಲ, ಈ ಮನೆಯ ಮಗನನ್ನು ಎತ್ತಿ ಆಡಿಸಿದವನಲ್ಲವೇ, ಅಮ್ಮಾವ್ರೇ, ಸಣ್ಣ ಯಜಮಾನ್ರು ಇನ್ನು ಬರೋದಿಲ್ಲ — ಇದು ಯಾರ ದನಿ, ಇಷ್ಟು ಮೆಲ್ಲಗೆ, ನನ್ನದೇ, ಇಷ್ಟು ದಿನ ಎಲ್ಲಿದ್ದೆ ಮಾರಾಯ.

ಕಟ್ ಅಂದ ಹಾಲ್ವರ್ಸನ್, ಹುಡುಗಿ ಮೂಗು ಒರೆಸಿಕೊಂಡಳು, ಗಂಟೆ ಮತ್ತೆ ಮೊಳಗಿತು, ಇನ್ನು ಮೊಳೆ ಹೊಡೆಯಬಹುದಪ್ಪ ಬಡಗಿ, ಹೊಡಿ, ಅವನು ಇತ್ತಲೇ ನೋಡುತ್ತಿದ್ದಾನೆ, ಏಣಿಯ ಮೇಲೆ, ಕೈ ಇಳಿಸುವುದನ್ನೇ ಮರೆತಿದ್ದಾನೆ, ಸುತ್ತಿಗೆ ಹಾಗೇ ಇದೆ, ಎತ್ತಿದ ಸುತ್ತಿಗೆ, ಗಾಳಿಯಲ್ಲಿ, ಎತ್ತಿದ ಸುತ್ತಿಗೆ —