ಹಟ್ಟಿ ಹಿಂದಿನ ಉತ್ತರ

ನನ್ನನ್ನು ನೋಡಲು ಬೀಗರು ಬಂದು ಕೂತ ಹೊತ್ತಿಗೇ ಬ್ಯಾಂಕಿನ ಸಾಹೇಬನೂ ಬರಬೇಕೆ! ನಮ್ಮ ದೋರನಹಳ್ಳಿಗೆ ಸರ್ಕಾರದ ಕಡೆಯವರು ಯಾವಾಗಲೂ ಹಾಗೆಯೇ, ಬೇಡವೆಂದಾಗಲೇ ಬರುತ್ತಾರೆ.

ನಿಜಾಮನ ಆಳ್ವಿಕೆ ಮುಗಿದು ಮೂರು ವರ್ಷವಾಗಿತ್ತು. ಹುಣಸಗಿ ಕಡೆಯಿಂದ ಹಣಮಂತ್ರಾಯರು, ಅವರ ಹೆಂಡತಿ ಭೀಮವ್ವ, ಮಗ ಅಂಬ್ರಪ್ಪ ನಮ್ಮ ಅಂಗಳದ ಕಂಬಳಿಯ ಮೇಲೆ ಕೂತಿದ್ದರು. ಹುಡುಗ ನನಗೆ ಆಗಲೇ ಹಿಡಿಸಿದ್ದ. ಕುರಿಮರಿಯೊಂದು ಅವನ ಹೊಸ ಧೋತರ ಜಗಿಯುತ್ತಿದ್ದರೂ ಓಡಿಸದೆ ನಗುತ್ತಿದ್ದ. ಇಂಥವನು ಕೈತಪ್ಪಿದರೆ ಅಪ್ಪನ ಜೊತೆ ಮಾತೇ ಬಿಡುತ್ತೇನೆ ಎಂದುಕೊಂಡೆ.

ಸಾಹೇಬ ಕಲಬುರ್ಗಿಯವನು, ಎಳೆ ಮೀಸೆಯವನು. "ಹಳ್ಳಿ ಮಂದಿಗೆ ಸಾಲ ಹೆಂಗ ಕೊಡಬೇಕು ಅಂತ ಮುಂಬೈದಾಗ ರಿಸರ್ವ್ ಬ್ಯಾಂಕಿನೋರು ವಿಚಾರ ಮಾಡಾಕತ್ಯಾರ್ರಿ. ಮೊದಲ ನಿಮ್ಮನ್ನ ಕೇಳ್ಕೊಂಡು ಬಾ ಅಂತ ಕಳಿಸ್ಯಾರ. ನಿಮ್ಮ ಮನ್ಯಾಗ ಸಾಲ ಎಷ್ಟೈತ್ರಿ?"

"ಸಾಲಾ? ನಮ್ಮ ಮನ್ಯಾಗ ಆ ಹೆಸರ ಇಲ್ರಿ!" ನಮ್ಮಪ್ಪ ಮಲ್ಕಪ್ಪ ಓಣಿಗೆಲ್ಲ ಕೇಳುವಂತೆ ಹೇಳಿದ. ಮರುಕ್ಷಣವೇ, "ಬರ್ರಿ, ಕುರಿ ತೋರಸ್ತೀನಿ" ಎಂದು ಸಾಹೇಬನನ್ನು ಕುರಿಹಟ್ಟಿಯ ಹಿಂದೆ ಕರೆದೊಯ್ದ.

ಅಡುಗೆಮನೆಯ ಕಿಂಡಿಯಿಂದ ನನಗೆಲ್ಲ ಕೇಳಿಸುತ್ತಿತ್ತು. "ಅರ್ಧ ಕುರಿ ಸಾವುಕಾರನ ಪಾಲಾಗ್ಯಾವ್ರಿ ಸಾಹೇಬ್ರ. ಹೊಲ ಇಲ್ಲದವರಿಗೆ ಬ್ಯಾರೆ ಯಾರೂ ಸಾಲ ಕೊಡಂಗಿಲ್ಲ. ಇದು ಖರೇ ಮಾತು, ಇದನ್ನ ಬರ್ಕೊರ್ರಿ."

ಪ್ರತಿ ಪ್ರಶ್ನೆಗೂ ಇದೇ ನಾಟಕ. ಅಂಗಳದಲ್ಲಿ ಗಟ್ಟಿಯಾಗಿ ಒಂದು ಉತ್ತರ, ಹಟ್ಟಿಯ ಹಿಂದೆ ಪಿಸುಮಾತಿನಲ್ಲಿ ಇನ್ನೊಂದು. ಓಡಾಡಿ ಸುಸ್ತಾದ ಸಾಹೇಬ ಕೊನೆಗೆ ಎಲ್ಲರ ಎದುರೇ ಕೇಳಿಬಿಟ್ಟ:

"ಯಜಮಾನ್ರ, ಇಲ್ಲಿ ಹೇಳಿದ್ದು ಬರೀಲೋ, ಹಟ್ಟಿ ಹಿಂದ ಹೇಳಿದ್ದು ಬರೀಲೋ?"

ಹಣಮಂತ್ರಾಯರು ರುಮಾಲು ಸರಿಮಾಡಿಕೊಂಡು ಎದ್ದು ನಿಂತರು. ಅಪ್ಪನ ಮುಖ ಸಣ್ಣದಾಯಿತು. ಸಂಬಂಧ ಮುರಿಯಿತು ಎಂದು ನನಗೆ ಅಳುವೇ ಬಂತು.

ಭೀಮವ್ವ ಗಂಡನ ಧೋತರ ಹಿಡಿದೆಳೆದು ಕೂರಿಸಿದರು. "ಯಾರಿಗ್ರಿ ಸಿಟ್ಟು ತೋರಸ್ತೀರಿ? ಹೋದ ವಾರ ನಮ್ಮೂರಿಗೂ ಇಂಥ ಸಾಹೇಬ್ರ ಒಬ್ರು ಬಂದಾಗ, ನೀವು ಬಣವಿ ಹಿಂದ ಕರಕೊಂಡು ಹೋಗಿರಲಿಲ್ಲೇನು?"

ಹಣಮಂತ್ರಾಯರು ಹೊಟ್ಟೆ ಹಿಡಿದು ನಕ್ಕರು. ಅಪ್ಪನೂ ನಕ್ಕ. ನಗು ಮುಗಿಯುವುದರೊಳಗೆ ಇಬ್ಬರೂ ಸಾಹೇಬನನ್ನು ನಡುವೆ ಕೂರಿಸಿಕೊಂಡಿದ್ದರು. ಕುರಿಯ ಮೇಲೂ ಸಾಲ ಸಿಗಬೇಕು, ಮರಿ ಮಾರಿದ ಮೇಲೆ ತೀರಿಸಲು ಬಿಡಬೇಕು ಎಂದು ಒಬ್ಬರ ಮಾತಿಗೆ ಒಬ್ಬರು ಮಾತು ಸೇರಿಸುತ್ತ ಬರೆಸಿದರು.

ನನಗೂ ಸುಮ್ಮನಿರಲಾಗಲಿಲ್ಲ. ಸೆರಗು ಸರಿಮಾಡಿಕೊಂಡು ಬಾಗಿಲಿಗೆ ಬಂದೆ. "ಮರಿ ಸಾಕೋರು ನಾವ್ರಿ. ಹೆಣ್ಮಕ್ಕಳ ಹೆಸರಿಗೂ ಸಾಲ ಕೊಡ್ರಿ ಅಂತ ಬರೀರಿ."

"ಭೇಷ್ ರೇಣಮ್ಮ!" ಎಂದರು ಭೀಮವ್ವ. ಸಾಹೇಬ ಅದನ್ನೂ ಬರೆದುಕೊಂಡ.

ಇನ್ನೊಂದೇ ಪ್ರಶ್ನೆ ಉಳಿದಿತ್ತು. "ಬರೂ ವರ್ಷ ಯಾತಕ್ಕಾದ್ರೂ ಸಾಲ ಮಾಡೋರದೀರೇನ್ರಿ?"

ಅಪ್ಪ ನನ್ನತ್ತ ನೋಡಿದ. ಈ ಸಲ ಹಟ್ಟಿಯ ಕಡೆ ಹೆಜ್ಜೆ ಇಡಲಿಲ್ಲ. "ಮಗಳ ಮದುವಿಗೆ ಮಾಡಬೇಕ್ರಿ" ಎಂದ, ಎಲ್ಲರಿಗೂ ಕೇಳುವ ಹಾಗೆ.

ಸಾಹೇಬ ಬರೆಯಲು ಹೊರಟಾಗ ಭೀಮವ್ವ ಕೈ ಅಡ್ಡ ಹಿಡಿದರು.

"ಅದನ್ನ ಬರಿಬ್ಯಾಡ್ರಿ. ನಮ್ಮ ಸೊಸಿ ಸಾಲ ಹೊತಗೊಂಡು ನಮ್ಮನಿಗಿ ಬರೂದು ಬ್ಯಾಡ. ಎರಡೂ ಮನಿಯವರು ಕೂಡಿ ಮದುವಿ ಊಟಕ್ಕ ಹುಗ್ಗಿ ಮಾಡೂಣು, ಸಾಕು."

ನಮ್ಮ ಸೊಸಿ! ಮದುವೆಯ ಮಾತುಕತೆ ಇನ್ನೂ ಶುರುವೇ ಆಗಿರಲಿಲ್ಲ. ಅಂಬ್ರಪ್ಪ ತಲೆ ತಗ್ಗಿಸಿದ, ಕಿವಿಯೆಲ್ಲ ಕೆಂಪಗಾಗಿತ್ತು.

"ಹಂಗಾದ್ರ ಏನಂತ ಬರೀಲ್ರಿ?" ಸಾಹೇಬ ಕೇಳಿದ.

"ಸಾಲ ಬ್ಯಾಡ ಅಂತ ಬರೀರಿ" ಎಂದು ಅಪ್ಪ ರುಮಾಲಿನ ತುದಿಯಿಂದ ಕಣ್ಣೊರಸಿಕೊಂಡ. ನಾನು ಖುಷಿ ತಡೆಯಲಾರದೆ ಒಳಗೆ ಓಡಿದೆ.